ಗೌಡಗೆರೆಯ ಕೆಂಪು ಮಣ್ಣು, ಇಂಗಾಲದ ಲೆಕ್ಕ

ಮಣ್ಣು ಆರೋಗ್ಯ ಚೀಟಿಯಲ್ಲಿ ‘ಸಾವಯವ ಇಂಗಾಲ’ ಎಂಬ ಸಾಲೊಂದಿದೆ. ಶೇ 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.75 ದಾಟಿದರೆ ಹೆಚ್ಚು. ಶಿರಾ ತಾಲ್ಲೂಕು ಗೌಡಗೆರೆ ಹೋಬಳಿಯ ಕೆಂಪು ಹೊಲಗಳಲ್ಲಿ ‘ಕಡಿಮೆ’ ಎಂದು ಬಂದರೆ ಯಾರೂ ಹುಬ್ಬೇರಿಸುವುದಿಲ್ಲ. ಮಳೆ ಕಮ್ಮಿ, ಬಿಸಿಲು ಜಾಸ್ತಿ. ಕಡ್ಲೆಕಾಯಿ ಗಿಡವನ್ನಂತೂ ಬೇರುಸಮೇತ ಕಿತ್ತು, ಕಾಯಿ ಬಿಡಿಸಿಕೊಂಡು, ಬಳ್ಳಿಯನ್ನು ದನಕ್ಕೆಂದು ಬಣವೆ ಒಟ್ಟುತ್ತಾರೆ. ಹೊಲದ ಪಾಲಿಗೆ ಉಳಿಯುವುದು ಉದುರಿದ ಎಲೆ.

ಈಗ ಮಣ್ಣಿನ ಇಂಗಾಲಕ್ಕೂ ಬೆಲೆ ಕಟ್ಟುವ ಕಾಲ. ಐದು ವರ್ಷ ಹಟ್ಟಿಗೊಬ್ಬರ ಹಾಕಿ, ಹಸಿರೆಲೆ ಮುಚ್ಚಿದ ಮೇಲೆ ಇಂಗಾಲ ಏರಿತೇ ಎಂದು ಕೇಳಿದರೆ ಚೀಟಿಯ ಆ ಸಾಲು ಉತ್ತರ ಹೇಳೀತೇ? ಹೇಳಲಾರದು. ಆ ಅಂಕಿಯನ್ನು ತೆಗೆದದ್ದೇ ಗೊಬ್ಬರ ಎಷ್ಟು ಹಾಕಬೇಕೆಂದು ತಿಳಿಸಲು. 2015ರಲ್ಲಿ ಯೋಜನೆ ಶುರುವಾದಾಗ ಮಳೆಯಾಶ್ರಿತ ಜಮೀನಿನಲ್ಲಿ ಹತ್ತು ಹೆಕ್ಟೇರಿಗೆ, ಅಂದರೆ ಸುಮಾರು 25 ಎಕರೆಗೆ, ಒಂದು ಮಾದರಿ ಎಂಬ ಲೆಕ್ಕವಿತ್ತು. ನಿಮ್ಮ ಚೀಟಿಯ ಅಂಕಿ ಪಕ್ಕದವರ ಹೊಲದ್ದೂ ಆಗಿರಬಹುದು.

ಪ್ರಯೋಗಾಲಯದಲ್ಲಿ ನಡೆಯುವುದನ್ನು ಒಮ್ಮೆ ನೋಡಬೇಕು. ಜರಡಿ ಹಿಡಿದ ಒಂದು ಗ್ರಾಂ ಮಣ್ಣಿಗೆ ಪೊಟ್ಯಾಸಿಯಂ ಡೈಕ್ರೋಮೇಟ್ ದ್ರಾವಣ, ಮೇಲೆ ಗಂಧಕಾಮ್ಲ. ಫ್ಲಾಸ್ಕು ತಾನಾಗಿಯೇ ಕೈ ಸುಡುವಷ್ಟು ಬಿಸಿಯಾಗುತ್ತದೆ. ಅರ್ಧ ಗಂಟೆ ಬಿಟ್ಟು, ನೀರು ಬೆರೆಸಿ, ಇನ್ನೊಂದು ದ್ರಾವಣವನ್ನು ಹನಿಹನಿಯಾಗಿ ಬಿಡುತ್ತಾ ಹೋದರೆ ನೇರಳೆ ಬಣ್ಣ ಥಟ್ಟನೆ ಹಸಿರಿಗೆ ತಿರುಗುತ್ತದೆ. ಉಳಿದ ಡೈಕ್ರೋಮೇಟ್ ಎಷ್ಟೆಂದು ತಿಳಿದರೆ ಖರ್ಚಾದದ್ದು ತಿಳಿಯಿತು, ಅದರಿಂದ ಇಂಗಾಲವೂ ಸಿಕ್ಕಿತು. ವಾಕ್ಲಿ ಮತ್ತು ಬ್ಲ್ಯಾಕ್ 1934ರಲ್ಲಿ ಕೊಟ್ಟ ವಿಧಾನ ಇದು. ಅಗ್ಗ, ಸುಲಭ. ಆದರೆ ಆ ಬಿಸಿಗೆ ಎಲ್ಲ ಇಂಗಾಲವೂ ಸುಡುವುದಿಲ್ಲ. ಸರಾಸರಿ ಮುಕ್ಕಾಲು ಪಾಲು ಸುಟ್ಟಿತೆಂದು ಹಿಡಿದು 1.3ರಿಂದ ಗುಣಿಸುತ್ತಾರೆ. ದೊಡ್ಡ ಪ್ರಯೋಗಾಲಯಗಳ ಯಂತ್ರವಾದರೋ ಮಣ್ಣನ್ನು ಸುಮಾರು ಸಾವಿರ ಡಿಗ್ರಿಯಲ್ಲಿ ಪೂರ್ತಿ ಸುಟ್ಟು, ಹೊರಬಂದ ಅನಿಲವನ್ನೇ ಅಳೆಯುತ್ತದೆ. ಸುಣ್ಣದಂಶವಿರುವ ಮಣ್ಣಾದರೆ ಸುಣ್ಣದ ಇಂಗಾಲವನ್ನೂ ಲೆಕ್ಕಕ್ಕೆ ಸೇರಿಸಿಬಿಡುತ್ತದೆ. ಮೊದಲ ವರ್ಷ ಡೈಕ್ರೋಮೇಟಿನಲ್ಲಿ, ಐದನೇ ವರ್ಷ ಯಂತ್ರದಲ್ಲಿ ಅಳೆದರೆ ಹೊಲದಲ್ಲಿ ಏನೂ ಆಗದಿದ್ದರೂ ಕಾಗದದ ಮೇಲೆ ಇಂಗಾಲ ಏರಿರುತ್ತದೆ!

ಏರಿಕೆ ಎಷ್ಟು ಸಣ್ಣದೆಂದು ಲೆಕ್ಕ ಹಾಕಿ. ಇಂಗಾಲ ಶೇ 0.40, ಮಣ್ಣಿನ ಸಾಂದ್ರತೆ ಘನ ಸೆಂಟಿಮೀಟರಿಗೆ 1.5 ಗ್ರಾಂ, ಆಳ 30 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಹೆಕ್ಟೇರಿಗೆ 18 ಟನ್ ಇಂಗಾಲ. ವರ್ಷಕ್ಕೆ 200 ಕಿಲೊ ಕೂಡಿತೆನ್ನಿ, ಐದು ವರ್ಷಕ್ಕೆ ಒಂದು ಟನ್. ಆಗ 0.40 ಇದ್ದದ್ದು 0.42 ಆಗುತ್ತದೆ. ಅಷ್ಟು ವ್ಯತ್ಯಾಸ ಒಂದೇ ಹೊಲದ ಈ ಬದುವಿಗೂ ಆ ಬದುವಿಗೂ ಇರುತ್ತದೆ. ಸಾಲದ್ದಕ್ಕೆ, ಗೊಬ್ಬರದ ಲೆಕ್ಕಕ್ಕೆಂದು ತೆಗೆಯುವ ಮಣ್ಣು ಮೇಲಿನ 15 ಸೆಂಟಿಮೀಟರಿನದು ಮಾತ್ರ, ಸಾಂದ್ರತೆಯನ್ನು ಅಳೆದಿರುವುದಿಲ್ಲ, ಗರಸನ್ನು ಜರಡಿಯಲ್ಲೇ ಎಸೆದಿರುತ್ತಾರೆ. ನೂರಕ್ಕೆ ಮೂವತ್ತು ಪಾಲು ಕಲ್ಲಿರುವ ನೆಲದಲ್ಲಿ ಆ 18 ಟನ್ 13ಕ್ಕೆ ಇಳಿಯುತ್ತದೆ.

ಉಪಗ್ರಹದ ಮಾತು? ಸೆಂಟಿನೆಲ್-2 ಐದು ದಿನಕ್ಕೊಮ್ಮೆ, ಹತ್ತು ಮೀಟರ್ ಚೌಕದಷ್ಟು ವಿವರದಲ್ಲಿ ಚಿತ್ರ ಕೊಡುತ್ತದೆ. ಅದಕ್ಕೆ ಕಾಣುವುದು ಬರಿ ಮೇಲ್ಮೈ; ಹೋಳಿಗೆಯ ಕಣಕ ನೋಡಿ ಹೂರಣದ ರುಚಿ ಹೇಳಿದ ಹಾಗೆ. ಒಂದು ಹದ ಮಳೆ ಬಿದ್ದು ಕೆಂಪು ಮಣ್ಣು ಕಪ್ಪಿಟ್ಟರೂ ಇಂಗಾಲ ಹೆಚ್ಚಿದಂತೆ ತೋರೀತು. ಬೆಳೆ ಎಲ್ಲಿದೆ, ನೆಲ ಎಷ್ಟು ತಿಂಗಳು ಬತ್ತಲೆ ಬಿದ್ದಿದೆ ಎಂದು ತಿಳಿಯಲು ಮಾತ್ರ ಅದು ಬಹಳ ಒಳ್ಳೆಯದು. 250 ಮೀಟರ್ ಚೌಕಗಳ ಜಾಗತಿಕ ಮಣ್ಣಿನ ನಕ್ಷೆಯಾದ ಸಾಯಿಲ್‌ಗ್ರಿಡ್ಸ್ ಅಂದಾಜೇ ಹೊರತು ಅಳತೆಯಲ್ಲ.

ನನ್ನ ಆಯ್ಕೆ ಬೇರೆ. ರಾಜ್ಯದ ಸುಜಲ-3 ಜಲಾನಯನ ಯೋಜನೆಯಲ್ಲಿ ತುಮಕೂರೂ ಸೇರಿ 11 ಜಿಲ್ಲೆಗಳ ಆಯ್ದ ಕಿರುಜಲಾನಯನಗಳ ಮಣ್ಣನ್ನು ಸರ್ವೆ ನಂಬರಿನ ನಕ್ಷೆಯ ಮೇಲೆಯೇ ಗುರುತಿಸಿದ್ದಾರೆ. ಆಳ, ಗರಸು ಎರಡೂ ಅದರಲ್ಲಿವೆ. ನಿಮ್ಮ ಹೊಲ ಅದರಲ್ಲಿ ಬಂದಿದ್ದರೆ ಅಲ್ಲಿಂದ ಶುರು ಮಾಡಿ. ಹೋಲಿಕೆಗೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆಗಿಂತ ಗಡಿಯಾಚೆಯ ಅನಂತಪುರ ವಾಸಿ, ಏಕೆಂದರೆ ಶಿರಾದ ಮಳೆ ಅಲ್ಲಿಯದಕ್ಕೇ ಹತ್ತಿರ. ಅಲ್ಲಿನ ಕೆಂಪು ಮಣ್ಣಿನಲ್ಲಿ 20 ವರ್ಷ ಕಡ್ಲೆಕಾಯಿ ಬೆಳೆದು ನೋಡಿದ್ದಾರೆ: ಇದ್ದ ಇಂಗಾಲ ಇದ್ದಷ್ಟೇ ಉಳಿಯಬೇಕಾದರೂ ಹೆಕ್ಟೇರಿಗೆ ವರ್ಷಕ್ಕೆ ಸುಮಾರು 1.1 ಟನ್ ಇಂಗಾಲ ಮಣ್ಣಿಗೆ ಬೀಳಬೇಕಂತೆ. ಬಳ್ಳಿಯನ್ನೂ ಮನೆಗೆ ಸಾಗಿಸುವ ನಮ್ಮ ಹೊಲಗಳಿಗೆ ಇದು ದುಬಾರಿ ಲೆಕ್ಕವೇ.

ಇನ್ನೊಂದು ತೊಡಕು ಯಾವ ನಕ್ಷೆಯಲ್ಲೂ ಇಲ್ಲ. ಬೇಸಿಗೆಯಲ್ಲಿ ಕೆರೆ ಗೋಡು ಹೊಡೆಸಿದ ಹೊಲದಲ್ಲಿ ಇಂಗಾಲ ಒಂದೇ ವರ್ಷಕ್ಕೆ ಏರಿಬಿಡುತ್ತದೆ. ಅದು ಗಾಳಿಯಿಂದ ಇಳಿದದ್ದಲ್ಲ, ಮೇಲಿನ ಹೊಲಗಳಿಂದ ಕೊಚ್ಚಿ ಬಂದು ಕೆರೆಯಲ್ಲಿ ಕೂತದ್ದು. ಬೆಳೆಗೆ ಲಾಭ ನಿಜ, ಇಂಗಾಲದ ಜಮೆಗೆ ಸೇರದು. ಕುರಿ ಮಂದೆ ನಿಲ್ಲಿಸಿದ ಜಾಗ, ತಿಪ್ಪೆಯ ಪಕ್ಕ, ಹುಣಸೆ ಮರದ ಬುಡ, ಇಲ್ಲೆಲ್ಲ ಮಣ್ಣು ತೆಗೆದರೂ ಇದೇ ಮೋಸ. ಹಾಗಾಗಿ ಗೋಡು ಯಾವ ವರ್ಷ, ಎಷ್ಟು ಟ್ರ್ಯಾಕ್ಟರ್ ಲೋಡು ಬಿತ್ತು, ಮಂದೆ ಎಲ್ಲಿ ನಿಂತಿತ್ತು ಎಂದು ರೈತರು ಬರೆದಿಟ್ಟುಕೊಂಡ ಪುಸ್ತಕವೂ ದತ್ತಾಂಶವೇ. ಮೊದಲ ವರ್ಷ ತೆಗೆದ ಮಣ್ಣಿನಲ್ಲಿ ಅರ್ಧ ಕಿಲೊ ಒಣಗಿಸಿ, ಸರ್ವೆ ನಂಬರು, ಆಳ, ತಾರೀಕು ಬರೆದು ಎತ್ತಿಡಿ. ಐದು ವರ್ಷದ ಮೇಲೆ ಅದೇ ಜಾಗದಲ್ಲಿ, ಅದೇ ತಿಂಗಳು ಮತ್ತೆ ಅಗೆದು, ಎರಡನ್ನೂ ಒಂದೇ ದಿನ ಒಂದೇ ಪ್ರಯೋಗಾಲಯಕ್ಕೆ ಕೊಡಬೇಕು.