ಕುತ್ತಿಗೆಯ ಗುರುತು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯ ಹೆಣ್ಣುಮಗಳೊಬ್ಬಳು, ಗಂಡನು ಕುತ್ತಿಗೆ ಹಿಚುಕಿದನೆಂದು ಠಾಣೆಯಲ್ಲಿ ದೂರು ಕೊಟ್ಟಳೆಂದು ಭಾವಿಸೋಣ. ಕುತ್ತಿಗೆ ಹಿಚುಕುವುದೆಂಬ ಪ್ರತ್ಯೇಕ ಅಪರಾಧ ನಮ್ಮ ಕಾನೂನಿನಲ್ಲಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಂತೆ ಅದು 109ನೆಯ ಕಲಮಿನ ಕೊಲೆಯತ್ನವಾಗಬಹುದು. 115ನೆಯ ಕಲಮಿನ ಬರಿಯ ಗಾಯವೂ ಆಗಬಹುದು.

ಇವೆರಡರ ಅಂತರ ಸಣ್ಣದಲ್ಲ. ಕೊಲೆಯತ್ನದ ವಿಚಾರಣೆಯನ್ನು ಮ್ಯಾಜಿಸ್ಟ್ರೇಟರು ಸೆಷನ್ಸ್ ನ್ಯಾಯಾಲಯಕ್ಕೆ ಒಪ್ಪಿಸಬೇಕು. ರಾಜಿಯ ಮೇಲೆ ಅದನ್ನು ರದ್ದುಪಡಿಸಬೇಕಾದರೆ ಧಾರವಾಡದ ಹೈಕೋರ್ಟ್ ಪೀಠದವರೆಗೆ ಹೋಗಬೇಕು. ಗಾಯದ ಆರೋಪವನ್ನಾದರೋ, ನೊಂದವಳು ಒಪ್ಪಿದರೆ ತಾಲೂಕಿನಲ್ಲಿಯೇ ಮುಗಿಸಬಹುದು. (ತಾನೇ ಒಪ್ಪಿದಳೋ, ಹಿರಿಯರು ಒಪ್ಪಿಸಿದರೋ, ಕಡತ ಹೇಳುವುದಿಲ್ಲ.)

ಯಾವ ಕಲಮೆಂಬುದು ಬಹುಮಟ್ಟಿಗೆ ವೈದ್ಯರ ಬರವಣಿಗೆಯನ್ನು ಅವಲಂಬಿಸುತ್ತದೆ. ಹಿಚುಕಿದ ಕುತ್ತಿಗೆಯ ಮೇಲೆ ಎಷ್ಟೋ ಸಲ ಹೊರಗುರುತೇ ಇರುವುದಿಲ್ಲ. ಒಡೆದ ದನಿ, ನುಂಗುವಾಗಿನ ನೋವು, ಕಣ್ಣಿನ ಬಿಳಿಯಲ್ಲಿ ಸೂಜಿಮೊನೆಯಷ್ಟು ರಕ್ತದ ಚುಕ್ಕೆ: ಇವನ್ನು ಕೇಳಿ, ನೋಡಿ, ಅಂದೇ ಬರೆದಿಡದಿದ್ದರೆ ಪ್ರಕರಣವು ಸಾಧಾರಣ ಗಾಯಕ್ಕೆ ಇಳಿದುಬಿಡುತ್ತದೆ. ಕೊಲೆಯತ್ನಕ್ಕೆ ಮಾರಕ ಗಾಯವೇ ಆಗಿರಬೇಕೆಂದಿಲ್ಲ, ಉದ್ದೇಶವನ್ನು ನೋಡಬೇಕು ಎಂದು ಸರ್ವೋಚ್ಚ ನ್ಯಾಯಾಲಯವು 1983ರಲ್ಲಿಯೇ ಮಹಾರಾಷ್ಟ್ರದ ಮೊಕದ್ದಮೆಯೊಂದರಲ್ಲಿ ಹೇಳಿದೆ.

ಸತ್ತವಳ ಕುತ್ತಿಗೆಯೇ ಹೆಚ್ಚು ಹೇಳುತ್ತದೆ. ನೇಣಿನ ಗುರುತು ಸಾಮಾನ್ಯವಾಗಿ ಗದ್ದದ ಸಮೀಪ, ಓರೆಯಾಗಿ ಮೇಲೇರುತ್ತದೆ. ಹಗ್ಗ ಬಿಗಿದು ಕೊಂದ ಗುರುತು ಅದಕ್ಕಿಂತ ಕೆಳಗೆ, ಅಡ್ಡಲಾಗಿ, ಸುತ್ತಲೂ ಹಬ್ಬಿರುತ್ತದೆ. ಮದುವೆಯಾದ ಏಳು ವರ್ಷಗಳೊಳಗೆ ಹೆಣ್ಣು ಸಂಶಯಾಸ್ಪದವಾಗಿ ಸತ್ತರೆ ಶವಪರೀಕ್ಷೆಯನ್ನು ಪೊಲೀಸರು ಬಿಡುವಂತಿಲ್ಲ. ಬದುಕುಳಿದವಳಿಗೆ ಅಂಥ ಕಡ್ಡಾಯದ ಪರೀಕ್ಷೆಯನ್ನು ಕಾನೂನು ವಿಧಿಸಿಲ್ಲ.