ಕಿಡ್ನಿ ಸೋತರೆ ಮೂಳೆ ಏಕೆ ಮುರಿಯುತ್ತದೆ?

ಪ್ರಶ್ನೆ: ನಮ್ಮ ಆಯಿಗೆ ಕೆಲವು ವರ್ಷಗಳಿಂದ ಕಿಡ್ನಿ ಕಾಯಿಲೆ. ಅಂಗಳದಲ್ಲಿ ಜಾರಿ ಬಿದ್ದಷ್ಟಕ್ಕೇ ಸೊಂಟದ ಮೂಳೆ ಮುರಿಯಿತು. ಎರಡಕ್ಕೂ ಸಂಬಂಧವಿದೆಯೇ?
— ಓದುಗರೊಬ್ಬರು, ಯಲ್ಲಾಪುರ

ಉತ್ತರ: ಇರುವ ಸಾಧ್ಯತೆ ಹೆಚ್ಚು. ಬಿಸಿಲಿನಿಂದ ಚರ್ಮದಲ್ಲಿ ತಯಾರಾಗುವ ಡಿ ವಿಟಮಿನ್‌ಗೆ ಕೆಲಸ ಮಾಡುವ ಶಕ್ತಿ ಬರುವುದು ಮುಖ್ಯವಾಗಿ ಕಿಡ್ನಿಯಲ್ಲಿ. ಕಿಡ್ನಿ ಸೋತಾಗ ಊಟದ ಕ್ಯಾಲ್ಸಿಯಂ ಮೈಗೆ ಸರಿಯಾಗಿ ಹತ್ತುವುದಿಲ್ಲ. ಹೊರಹೋಗಬೇಕಾದ ರಂಜಕ ರಕ್ತದಲ್ಲೇ ಉಳಿಯುತ್ತದೆ. ಆಗ ಕುತ್ತಿಗೆಯಲ್ಲಿರುವ ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳು ಅತಿಯಾಗಿ ಹಾರ್ಮೋನು ಸುರಿಸಿ, ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆಯುತ್ತವೆ. ವರ್ಷಗಟ್ಟಲೆ ಹೀಗೆ ನಡೆದರೆ ಮೂಳೆ ಸವೆಯುತ್ತದೆ. ಮುರಿಯುವ ತನಕ ನೋವೂ ಇರಲಿಕ್ಕಿಲ್ಲ.

ಹಾಗೆಂದು ನೀವೇ ಅಂಗಡಿಯಿಂದ ಕ್ಯಾಲ್ಸಿಯಂ ಗುಳಿಗೆ ತಂದು ಕೊಡಬೇಡಿ. ಹೆಚ್ಚಾದ ಕ್ಯಾಲ್ಸಿಯಂ ರಕ್ತನಾಳಗಳಲ್ಲಿ ಕಟ್ಟಿಕೊಳ್ಳಬಹುದು. ರಕ್ತದ ಕ್ಯಾಲ್ಸಿಯಂ, ರಂಜಕ, ಡಿ ವಿಟಮಿನ್, ಪಿಟಿಎಚ್ (ಪ್ಯಾರಾಥೈರಾಯ್ಡ್ ಹಾರ್ಮೋನು) ಪರೀಕ್ಷೆ ಮಾಡಿಸಿ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಬೇಕೇ ಎಂದು ಕಿಡ್ನಿ ತಜ್ಞರನ್ನು ಕೇಳಿ. ರಂಜಕ ತಗ್ಗಿಸುವ ಗುಳಿಗೆ ಬರೆದುಕೊಟ್ಟಿದ್ದರೆ ಊಟದ ಜೊತೆಗೇ ಕೊಡಿ. ರಂಜಕ ಸೇರಿಸಿರುವ ಕೋಲಾ, ಪ್ಯಾಕೆಟ್ ತಿಂಡಿ ದೂರವಿರಲಿ.

ನಮ್ಮ ಮಳೆಗಾಲದಲ್ಲಿ ಬೀಳದಂತೆ ನೋಡಿಕೊಳ್ಳುವುದೂ ಚಿಕಿತ್ಸೆಯೇ. ಪಾಚಿ ಕಟ್ಟಿದ ಅಂಗಳಕ್ಕೆ ಅಡಿಕೆ ದಬ್ಬೆ ಹಾಸಿ. ಬಚ್ಚಲಲ್ಲಿ ಹಿಡಿದುಕೊಳ್ಳಲು ಗಟ್ಟಿ ಆಸರೆ, ರಾತ್ರಿ ಓಡಾಡುವ ದಾರಿಯಲ್ಲಿ ದೀಪ ಇರಲೇಬೇಕು.