ಮನೆಯಲ್ಲೇ ಪಾಠ: ಅಳುಕೇಕೆ, ಎಚ್ಚರವೇಕೆ?

ಜೂನ್ ತಿಂಗಳು ಬಂತೆಂದರೆ ಚಿಕ್ಕೋಡಿ ಸುತ್ತಲಿನ ಹಳ್ಳಿಗಳಿಗೆ ಬೆಳಗಾಗುವುದೇ ಶಾಲೆಯ ವಾಹನಗಳ ಹಾರ್ನಿನಿಂದ. ಕಬ್ಬಿನ ಹೊಲದ ಪಕ್ಕ ನಿಂತ ಮಗುವಿನ ಕಣ್ಣಲ್ಲಿ ಇನ್ನೂ ನಿದ್ದೆ, ಬೆನ್ನ ಮೇಲೆ ಭಾರದ ಚೀಲ. ವಾಹನ ಹೋದ ಮೇಲೆ ಕೆಲವು ತಾಯಂದಿರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುತ್ತದೆ: ‘ಇಷ್ಟೆಲ್ಲಾ ಯಾಕ ಬೇಕು? ಮನ್ಯಾಗ ಕಲಿಸಿದ್ರ ಆಗೂದಿಲ್ಲೇನು?’ ಮರುಕ್ಷಣವೇ ಆ ಪ್ರಶ್ನೆಯನ್ನು ಅವರೇ ನುಂಗಿಕೊಳ್ಳುತ್ತಾರೆ.

ನುಂಗಿಕೊಳ್ಳಲು ಕಾರಣಗಳು ಮೂರು. ‘ನಾ ಕಲ್ತದ್ದು ಬರೇ ಏಳನೇ ಇಯತ್ತೆ, ನಾ ಏನ್ ಕಲಿಸ್ಲಿ?’ ಎಂಬುದು ಮೊದಲನೆಯದು. ‘ನಾಳೆ ಮಾರ್ಕ್ಸ್ ಕಾರ್ಡ್ ಯಾರು ಕೊಡ್ತಾರ?’ ಎಂಬುದು ಎರಡನೆಯದು. ‘ಊರ ಮಂದಿ ಏನಂದಾರು?’ ಎಂಬುದು ಎಲ್ಲಕ್ಕಿಂತ ದೊಡ್ಡದು. ಈ ಅಳುಕುಗಳು ಸುಳ್ಳಲ್ಲ. ಆದರೆ ಹತ್ತಿರ ಹೋಗಿ ನೋಡಿದರೆ ಮೊದಲು ಕಂಡಷ್ಟು ದೊಡ್ಡವೂ ಅಲ್ಲ.

ಪುತ್ತೂರಿನ ಒಂದು ಮನೆ

ಮನೆಪಾಠ ಪರದೇಶದಿಂದ ಬಂದ ಹೊಸ ಹುಚ್ಚು ಎನ್ನುವವರು ನಮ್ಮದೇ ನಾಡಿನ ಇನ್ನೊಂದು ತುದಿಯ ಪುತ್ತೂರನ್ನು ನೆನೆಯಬೇಕು. ಶಿವರಾಮ ಕಾರಂತರು ಅಲ್ಲಿ ‘ಬಾಲವನ’ ಕಟ್ಟಿ, ಆಟ, ನಾಟಕ, ಕುಣಿತ, ತಿರುಗಾಟಗಳ ಮೂಲಕ ಮಕ್ಕಳು ಕಲಿಯಬೇಕೆಂದು ಪ್ರಯೋಗ ನಡೆಸಿದರು. ಕನ್ನಡದ ಮಕ್ಕಳಿಗಾಗಿ 1936ರಲ್ಲಿ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನೂ ಬರೆದರು. ಅವರ ಮಗ ಉಲ್ಲಾಸ ಕಾರಂತರು ಮೊದಲ ಕೆಲವು ವರ್ಷ ಮನೆಯಲ್ಲೇ ಕಲಿತು, ಆಮೇಲೆ ಶಾಲೆ ಸೇರಿದವರು. ಮುಂದೆ ಎಂಜಿನಿಯರಿಂಗ್ ಓದಿ, ಅದನ್ನು ಬಿಟ್ಟು ಹುಲಿಗಳ ಅಧ್ಯಯನಕ್ಕೆ ತೊಡಗಿದರು. ಜಗತ್ತು ಗುರುತಿಸುವ ವನ್ಯಜೀವಿ ವಿಜ್ಞಾನಿಯಾದರು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು.

‘ಕಾರಂತರೆಲ್ಲಿ, ನಾವೆಲ್ಲಿ?’ ಎಂದು ಯಾರಾದರೂ ಕೇಳಿಯಾರು. ನಿಜ, ಪ್ರತಿ ಮನೆಯಲ್ಲೂ ಕಾರಂತರಿರುವುದಿಲ್ಲ. ಆದರೆ ಮಗುವಿಗೆ ಮನೆಯಲ್ಲಿ ಬೇಕಾದದ್ದು ಸರ್ವಜ್ಞರಲ್ಲ. ಪ್ರಶ್ನೆ ಕೇಳಿದಾಗ ‘ಸುಮ್ಮನ ಕೂಡು’ ಎನ್ನದೆ, ‘ನನಗೂ ಗೊತ್ತಿಲ್ಲ, ಬಾ ಹುಡುಕೋಣು’ ಎನ್ನುವ ಒಬ್ಬರು ಸಾಕು.

ಹೊಲ, ಹೊಳೆ, ಚರ್ಮದ ಚಪ್ಪಲಿ

ಈ ಭಾಗದ ಪಾಲಕರಿಗೆ ಪಾಠದ ಸಾಮಗ್ರಿಗೇನೂ ಬರವಿಲ್ಲ. ಕಾರ್ಖಾನೆಯ ಕಬ್ಬಿನ ತೂಕದ ಚೀಟಿಯನ್ನೇ ನೋಡಿ. ತುಂಬಿದ ಗಾಡಿಯ ತೂಕ, ಖಾಲಿ ಗಾಡಿಯ ತೂಕ, ಉಳಿದದ್ದಕ್ಕೆ ಟನ್ನಿಗೆ ಇಷ್ಟು ದರ. ಕಳೆಯುವುದು, ಗುಣಿಸುವುದು, ದಶಮಾಂಶ ಎಲ್ಲವೂ ಆ ಒಂದು ಚೀಟಿಯಲ್ಲಿವೆ. ಅಥಣಿ, ನಿಪ್ಪಾಣಿ ಕಡೆ ಚಪ್ಪಲಿ ಹೊಲಿಯುವವರ ಮುಂದೆ ಅರ್ಧ ತಾಸು ಕುಳಿತರೆ ಅಳತೆಯ ಪಾಠವಾಗುತ್ತದೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ದೊರೆತ ಭೌಗೋಳಿಕ ಗುರುತು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜತೆಗೆ ಬೆಳಗಾವಿ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೂ ಸೇರಿದ್ದು ಎಂದು ತಿಳಿದರೆ ಸಮಾಜಶಾಸ್ತ್ರವೂ ಆಯಿತು.

ಕೃಷ್ಣೆ ಹುಟ್ಟುವುದು ಮಹಾಬಳೇಶ್ವರದಲ್ಲಿ; ಕರಾಡದಲ್ಲಿ ಕೊಯ್ನಾ, ನರಸೋಬವಾಡಿಯಲ್ಲಿ ಪಂಚಗಂಗಾ ಅದನ್ನು ಕೂಡಿಕೊಳ್ಳುತ್ತವೆ. ಅಲ್ಲಿ ಮಳೆ ಸುರಿದರೆ ಇಲ್ಲಿ ಸೇತುವೆ ಮುಳುಗುವುದೇಕೆಂದು 2019ರ ಆಗಸ್ಟ್ ಪ್ರವಾಹ ಕಂಡ ಮನೆಗಳಿಗೆ ಬೇರೆ ಹೇಳಬೇಕಿಲ್ಲ. ಒಂದು ನಕಾಶೆ ಹರಡಿ ಬೆರಳಿಟ್ಟು ತೋರಿಸಿದರೆ ಮಗು ಅದನ್ನು ಮರೆಯಲಾರದು. ಇನ್ನು ಓಣಿಯಲ್ಲಿ ಕನ್ನಡ, ಮರಾಠಿ ಎರಡೂ ಕಿವಿಗೆ ಬೀಳುವ ಈ ಸೀಮೆಯಲ್ಲಿ ಎರಡು ಭಾಷೆ ಕಲಿಯಲು ಟ್ಯೂಷನ್ ಏಕೆ?

ಮಾರ್ಕ್ಸ್ ಕಾರ್ಡಿನ ಮಾತು

ಇದಕ್ಕೂ ದಾರಿ ಇದೆ. ಕೇಂದ್ರ ಸರ್ಕಾರ 1989ರಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಮುಕ್ತ ಶಾಲೆ ಈಗ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ ಎಂಬ ಹೆಸರಿನಲ್ಲಿದೆ. 14 ವರ್ಷ ತುಂಬಿದವರು ಅದರ ಮೂಲಕ ಹತ್ತನೆಯ ತರಗತಿಯ ಪರೀಕ್ಷೆ ಬರೆಯಬಹುದು. ಐದು ವಿಷಯಗಳಲ್ಲಿ ತೇರ್ಗಡೆಯಾಗಬೇಕು. ಎಲ್ಲವನ್ನೂ ಒಮ್ಮೆಗೇ ಮುಗಿಸಬೇಕೆಂದಿಲ್ಲ. ಐದು ವರ್ಷಗಳಲ್ಲಿ ಒಂಬತ್ತು ಅವಕಾಶಗಳಿವೆ. ಭಾಷಾ ವಿಷಯಗಳಲ್ಲಿ ಕನ್ನಡವೂ ಉಂಟು, ಮರಾಠಿಯೂ ಉಂಟು.

ಪ್ರಮಾಣಪತ್ರವನ್ನು ಹಗುರವಾಗಿ ಕಾಣುವುದು ಮಾತ್ರ ಸಲ್ಲದು. ಏಳನೆಯ ತರಗತಿಯ ನಂತರ ಶಾಲೆ ಬಿಟ್ಟು ಮನೆಯಲ್ಲಿ ಕಲಿತ ಮುಂಬೈನ ಮಾಳವಿಕಾ ಜೋಶಿಗೆ ಹನ್ನೆರಡನೆಯ ತರಗತಿಯ ಪ್ರಮಾಣಪತ್ರ ಇಲ್ಲವೆಂದು ನಮ್ಮ ಐಐಟಿಗಳ ಬಾಗಿಲು ತೆರೆಯಲಿಲ್ಲ. 2016ರಲ್ಲಿ ಅಮೆರಿಕದ ಎಂಐಟಿ ಆಕೆಯನ್ನು ಕರೆದುಕೊಂಡಿತು, ಅದೂ ಕಂಪ್ಯೂಟರ್ ಒಲಿಂಪಿಯಾಡಿನ ಪದಕಗಳ ಬಲದಿಂದ. ಎಲ್ಲ ಮಕ್ಕಳಿಗೂ ಅಂಥ ಪದಕ ಬಾರದು. ಆದ್ದರಿಂದ ಪರೀಕ್ಷೆಯ ದಾರಿಯನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಜಾಣತನ.

ಕಾನೂನು ಮತ್ತು ಒಂದು ಕಟುಸತ್ಯ

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯ ಎನ್ನುತ್ತದೆ. ಮನೆಪಾಠಕ್ಕೆ ಅದರಲ್ಲಿ ಪ್ರತ್ಯೇಕ ಮನ್ನಣೆ ಇಲ್ಲ. ಹೀಗಾಗಿ ಹೆಸರು ತೆಗೆಸುವ ಆತುರ ಬೇಡ. ಶಾಲೆಯ ಮುಖ್ಯಗುರುಗಳೊಂದಿಗೂ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲೂ ಮೊದಲು ಮಾತಾಡಬೇಕು.

ಇನ್ನೊಂದು ಮಾತನ್ನು ಮುಚ್ಚಿಡುವಂತಿಲ್ಲ. ಮನೆಯಲ್ಲಿ ಕಲಿಸುವುದೆಂದರೆ ಮಗಳನ್ನು ಶಾಲೆ ಬಿಡಿಸಿ ಬೀಡಿಯ ಮೊರದ ಮುಂದೆ ಕೂಡಿಸುವುದಲ್ಲ, ತಮ್ಮನನ್ನು ಆಡಿಸಲು ಹಚ್ಚುವುದೂ ಅಲ್ಲ. ಯಾವ ಮನೆಯಲ್ಲಿ ಮಗುವಿನ ಓದಿಗೆಂದು ದಿನದ ಒಂದು ಹೊತ್ತು ಮೀಸಲಿಲ್ಲವೋ, ಆ ಮನೆಯ ಮಗುವಿಗೆ ಶಾಲೆಯೇ ಆಸರೆ. ಬಿಸಿಯೂಟವೂ ಗೆಳತಿಯರೂ ಗುರುಗಳೂ ಅಲ್ಲಿದ್ದಾರೆ.

ಎಲ್ಲಿಂದ ಆರಂಭ?

ಶಾಲೆ ಬಿಡಿಸುವುದರಿಂದ ಅಲ್ಲ; ಬೇಸಿಗೆ ರಜೆಯಿಂದ. ಏಪ್ರಿಲ್, ಮೇ ತಿಂಗಳಲ್ಲಿ ದಿನಕ್ಕೆ ಎರಡು ತಾಸು ಸಾಕು. ಒಂದು ತಾಸು ಓದು, ಬರಹ, ಲೆಕ್ಕ. ಇನ್ನೊಂದು ತಾಸು ಮಗುವಿಗೆ ಇಷ್ಟವಾದ ಒಂದು ಕೆಲಸ. ಅಜ್ಜಿಯ ಕತೆಯನ್ನು ಮಗುವೇ ಬರೆದಿಡಲಿ. ವಾರಕ್ಕೊಮ್ಮೆ ಗ್ರಂಥಾಲಯಕ್ಕೆ ಹೋಗಲಿ. ಸಂಜೆ ಓಣಿಯ ಮಕ್ಕಳೊಡನೆ ಆಟ ತಪ್ಪದಿರಲಿ. ಜೊತೆಗಾರರಿಲ್ಲದ ಕಲಿಕೆ ಅರ್ಧ ಕಲಿಕೆ. ಕಲಿತದ್ದನ್ನೆಲ್ಲ ಒಂದು ವಹಿಯಲ್ಲಿ ತಾರೀಖು ಹಾಕಿ ಗುರುತಿಟ್ಟುಕೊಳ್ಳಿ.

2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದಾಗ ಪಾಲಕರೆಲ್ಲ ಒಂದಿಷ್ಟು ಗುರುಗಳಾದವರೇ. ಆಗ ಹೆದರಿಕೆಯಿಂದ ಮಾಡಿದ್ದನ್ನು ಈಗ ಪ್ರೀತಿಯಿಂದ, ಬಿಡುವಾಗಿ ಮಾಡಿ ನೋಡಬಹುದು. ಎರಡು ತಿಂಗಳ ಬಳಿಕ ಆ ವಹಿಯನ್ನು ಮಗುವಿನೊಂದಿಗೆ ಕುಳಿತು ತಿರುವಿಹಾಕಿ. ಮುಂದೇನು ಎಂಬುದನ್ನು ಊರ ಮಂದಿ ಹೇಳಬೇಕಿಲ್ಲ, ಆ ಪುಟಗಳೇ ಹೇಳುತ್ತವೆ. ಕೊನೆಗೆ ಶಾಲೆಯೇ ಸರಿ ಎನಿಸಿದರೂ ನಷ್ಟವೇನಿಲ್ಲ. ಜೂನ್‌ನಲ್ಲಿ ವಾಹನ ಹತ್ತುವ ಆ ಮಗುವಿಗೆ, ಮನೆಯಲ್ಲೂ ತನ್ನ ಪ್ರಶ್ನೆಗೆ ಕಿವಿಗೊಡುವವರಿದ್ದಾರೆ ಎಂಬುದು ಗೊತ್ತಿರುತ್ತದೆ.